ಚಂದ್ರನಿಗೆ ಹಾಕಿದ ಬೇಲಿ

ಬ್ರೆಜಿಲ್ ದೇಶದಲ್ಲಿ 1977ರಿಂದ 1992ರವರೆಗೆ ಹೊರನಾಡಿನ ಗಣಕಯಂತ್ರಗಳನ್ನೂ ತಂತ್ರಾಂಶಗಳನ್ನೂ ತರಿಸಿಕೊಳ್ಳಲು ಬಲವಾದ ನಿರ್ಬಂಧವಿದ್ದಿತು. ಕೊಳ್ಳಲಾಗದವರು ಮಾಡಿಕೊಳ್ಳಬೇಕಷ್ಟೆ. ರಿಯೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ‘ಟೆಕ್‌ಗ್ರಾಫ್’ ತಂಡವು ಪೆಟ್ರೊಬ್ರಾಸ್ ಎಂಬ ಎಣ್ಣೆ ಕಂಪನಿಗಾಗಿ ದುಡಿಯುತ್ತ ಎರಡು ಪುಟ್ಟ ಭಾಷೆಗಳನ್ನು ಕಟ್ಟಿಕೊಂಡಿತ್ತು. ಅವುಗಳಲ್ಲೊಂದು ‘ಸೋಲ್’, ಪೋರ್ಚುಗೀಸಿನಲ್ಲಿ ಸೂರ್ಯ. 1993ರಲ್ಲಿ ಯೆರುಸಲಿಮ್‌ಸ್ಕಿ, ಫಿಗೈರೆಡೊ, ಸೆಲೆಸ್ ಎಂಬ ಮೂವರು ಎರಡನ್ನೂ ಕರಗಿಸಿ ಹೊಸದೊಂದನ್ನು ಎರಕಹೊಯ್ದಾಗ ಗೆಳೆಯನೊಬ್ಬ ಸೂಚಿಸಿದ ಹೆಸರು ‘ಲುವಾ’, ಎಂದರೆ ಚಂದ್ರ.

ಈ ಚಂದ್ರ ಸ್ವಂತ ಮನೆ ಹೂಡಲು ಹುಟ್ಟಿದವನಲ್ಲ. ಬೇರೆ ತಂತ್ರಾಂಶದೊಳಗೆ ಅತಿಥಿಯಾಗಿ ಸೇರಿ ದುಡಿಯುವುದೇ ಅವನ ಸ್ವಭಾವ. ಅತಿಥಿಯನ್ನು ಅಡುಗೆಮನೆಯ ತನಕ ಬಿಡಬಹುದೆ, ಜಗಲಿಯಲ್ಲೇ ಕೂರಿಸಬೇಕೆ? ಲುವಾದ ಉತ್ತರ ಬಹಳ ಸರಳ. ಕಡತಗಳನ್ನು ಮುಟ್ಟುವ ಭಂಡಾರವನ್ನು ಆತಿಥೇಯನು ಕೊಡದಿದ್ದರಾಯಿತು. ಒಳಗಿನ ಬರಹಕ್ಕೆ ಕಡತವೆಂಬ ವಸ್ತುವೇ ಪ್ರಪಂಚದಲ್ಲಿಲ್ಲ.

ಸರಳವೇನೋ ಹೌದು, ಆದರೆ ಸಂದುಗಳುಂಟು. 2006ರ 5.1ನೆಯ ಆವೃತ್ತಿಯಲ್ಲಿ ‘ರಿಕ್ವೈರ್’ ಎಂಬ ಆಜ್ಞೆ ಹೊಸ ರೂಪ ತಳೆಯಿತು. ಭಂಡಾರವೊಂದನ್ನು ಕೇಳಿದರೆ ಅದು ಮೊದಲು, ಈಗಾಗಲೇ ತಂದವುಗಳ ಪಟ್ಟಿಯನ್ನು ನೋಡುತ್ತದೆ. ಇದ್ದರೆ ಅದನ್ನೇ ಕೊಡುತ್ತದೆ. ಇಲ್ಲವಾದರೆ ಹುಡುಕಿ ತಂದು, ನಡೆಯಿಸಿ, ಪಟ್ಟಿಗೆ ಬರೆದುಕೊಳ್ಳುತ್ತದೆ. ಒಮ್ಮೆ ತಂದುದನ್ನು ಮತ್ತೆ ತರುವ ದಂಡವಿಲ್ಲ. ಆದರೆ ಆ ಪಟ್ಟಿಯಲ್ಲಿ ಕಡತದ ಭಂಡಾರವೂ ಇರುತ್ತದೆ! ಹೆಸರನ್ನು ಅಳಿಸಿ, ರಿಕ್ವೈರನ್ನು ಹಾಗೆಯೇ ಬಿಟ್ಟವನು ಮುಂಬಾಗಿಲಿಗೆ ಬೀಗವಿಕ್ಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಯಂತ್ರಕ್ಕೆಂದು ಮೊದಲೇ ಅರೆದಿಟ್ಟ ಸಂಕೇತಗಳದು ಇನ್ನೂ ದೊಡ್ಡ ಉಪಟಳ. ಅವುಗಳನ್ನು ಪರೀಕ್ಷಿಸುವ ಕಾವಲುಗಾರನೊಬ್ಬನು 5.1ರಲ್ಲಿದ್ದ, ಅವನ ಕಣ್ಣು ತಪ್ಪಿಸುವ ದಾರಿಗಳು ಸಿಕ್ಕುತ್ತಲೇ ಹೋದವು. 2011ರ 5.2ರಲ್ಲಿ ಕರ್ತೃಗಳು ಅವನನ್ನು ತೆಗೆದೇ ಹಾಕಿ, ‘ಬರಿಯ ಬರಹವನ್ನು ಮಾತ್ರ ಒಳಗೆ ಬಿಡು’ ಎಂದು ಹೇಳುವ ಅವಕಾಶ ಕೊಟ್ಟರು. ನಂಬಲಾಗದ ಕಾವಲಿಗಿಂತ ಕಾವಲಿಲ್ಲವೆಂಬ ತಿಳಿವಳಿಕೆಯೇ ಮೇಲೆಂದ ಈ ಧೈರ್ಯ ನನಗೆ ಮೆಚ್ಚುಗೆ.

ಬೇಲಿಯ ನಿಜವಾದ ಪರೀಕ್ಷೆ ನಡೆದುದು 2013ರಲ್ಲಿ, ವಿಕಿಪೀಡಿಯ ವಿಶ್ವಕೋಶ ಲುವಾವನ್ನು ಬರಮಾಡಿಕೊಂಡಾಗ. ದಾರಿಹೋಕರೂ ತಿದ್ದಬಹುದಾದ ಕೋಶದಲ್ಲಿ, ಯಾರೋ ಬರೆದ ಕ್ರಮವಿಧಿಯನ್ನು ಕೋಶದ ಯಂತ್ರವೇ ನಡೆಯಿಸಬೇಕು! ಆ ಏರ್ಪಾಡಿನ ಹೆಸರು ‘ಸ್ಕ್ರಿಬುಂಟೊ’. ಲ್ಯಾಟಿನ್ನಿನಲ್ಲಿ ‘ಅವರು ಬರೆಯಲಿ’ ಎಂದು. ಅಲ್ಲಿ ಕಡತದ ಭಂಡಾರವಿಲ್ಲ. ಕಾಲಕ್ಕೂ ನೆನಪಿಗೂ ಮಿತಿಯುಂಟು. ರಿಕ್ವೈರ್ ಹುಡುಕುವುದು ಯಂತ್ರದ ಕಪಾಟನ್ನಲ್ಲ, ಕೋಶದ್ದೇ ‘ಮಾಡ್ಯೂಲ್’ ಪುಟಗಳನ್ನು. ಬರಿಯ ಅಂಕಿಅಂಶಗಳ ಪಟ್ಟಿಗೆ ‘ಲೋಡ್‌ಡೇಟಾ’ ಎಂಬ ಬೇರೆ ಬಾಗಿಲು: ಒಂದೇ ಲೇಖನ ನೂರು ಸಲ ಕೇಳಿದರೂ ಪಟ್ಟಿ ಸಿದ್ಧವಾಗುವುದು ಒಮ್ಮೆ, ಓದಬಹುದು, ತಿದ್ದುವಂತಿಲ್ಲ.

ನಮ್ಮ ಕನ್ನಡ ವಿಕಿಪೀಡಿಯದಲ್ಲಿ ಅಡಿಟಿಪ್ಪಣಿಗಳನ್ನು ಜೋಡಿಸಿಕೊಡುವವನೂ ಈ ಚಂದ್ರನೇ. ಇಂಗ್ಲಿಷಿನಿಂದ ಪುಟವೊಂದನ್ನು ತಂದು, ಅದು ಬೇಡುವ ಇನ್ನೊಂದನ್ನು ತರಲು ಮರೆತರೆ, ಲೇಖನದ ನಡುವೆ ಕೆಂಪಕ್ಷರದ ದೋಷಸೂಚನೆಯೊಂದು ಇಣುಕುತ್ತದೆ.