ಟೆಂಡರ್ ಚೀಟಿಯಿಂದ ಗಣಕಯಂತ್ರಕ್ಕೆ

ದನದ ಸಂತೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದುಂಟು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು, ಅಷ್ಟೇ. ಕಾಳುಕಡಿಯ ಪೇಟೆಗೂ ಈ ಗುಟ್ಟು ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರದ ರೈತ ತೊಗರಿ, ಶೇಂಗಾ, ಹತ್ತಿ ಹೇರಿಕೊಂಡು ಬಂದಾಗ, ಬೇರೆ ಊರಿನ ಅಂದಿನ ಧಾರಣೆ ಖರೀದಿದಾರನಿಗೆ ಗೊತ್ತಿರುತ್ತಿತ್ತು, ಅವನಿಗಲ್ಲ. 1871ರಲ್ಲಿ ಮುಂಬಯಿ, ಮದ್ರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಹಾದಿಯಲ್ಲೇ ಇತ್ತು. ಮಾಲು ದೂರ ಹೋಯಿತು, ಧಾರಣೆಯ ಸುದ್ದಿ ಮಾತ್ರ ರೈತನವರೆಗೆ ಬರಲಿಲ್ಲ.

ನಿಯಂತ್ರಿತ ಮಾರುಕಟ್ಟೆಗಳಲ್ಲಿ ಟೆಂಡರ್ ಪದ್ಧತಿ ಬಂತು. ಪ್ರತಿ ರಾಶಿಗೂ ವರ್ತಕರು ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕಬೇಕು. ಹೆಚ್ಚು ಬರೆದವನಿಗೆ ಮಾಲು. ಚೀಟಿ ತಿದ್ದಲು, ಒಳಗೊಳಗೇ ಮಾತಾಡಿಕೊಳ್ಳಲು ಅಲ್ಲಿಯೂ ಎಡೆಯಿತ್ತೆನ್ನಿ.

2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜತೆ ಸಮಪಾಲಿನ ಕಂಪೆನಿ ಕಟ್ಟಿ, ಆ ಪೆಟ್ಟಿಗೆಯನ್ನು ಗಣಕಯಂತ್ರದೊಳಗಿಟ್ಟಿತು. ಪ್ರಾಂಗಣದ ಗೇಟಿನಲ್ಲೇ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕ ಅಂಗಡಿಯಲ್ಲೇ ಕುಳಿತು ದರ ನಮೂದಿಸುತ್ತಾನೆ. ಗೆದ್ದ ದರ ರೈತನ ಮೊಬೈಲಿಗೆ ಬರುತ್ತದೆ. ಒಪ್ಪದಿದ್ದರೆ ಮಾರದಿರುವ ಹಕ್ಕು ಅವನದು. ಕೇಂದ್ರದ ಇ-ನಾಮ್ ಆರಂಭವಾದದ್ದು ಆಮೇಲೆ, 2016ರ ಏಪ್ರಿಲ್ 14ರಂದು.

ಆದರೆ ಕಣ್ಣಾರೆ ಕಾಣದ ತೊಗರಿಗೆ ದೂರದ ವರ್ತಕ ದರ ಹೇಳಬೇಕಾದರೆ ತೇವಾಂಶ, ಕಸಕಡ್ಡಿ ಅಳೆದ ನಂಬಿಕೆಯ ಚೀಟಿ ಬೇಕು. ಗಣಕಯಂತ್ರ ಕಾಳನ್ನು ಮೂಸಿ ನೋಡುವುದಿಲ್ಲ. ಅದಕ್ಕಿಂತ ಬಿಗಿಯಾದ ಗಂಟು ಸಾಲದ್ದು. ಬಿತ್ತನೆಗೆಂದು ದಲ್ಲಾಳಿಯಿಂದ ಮುಂಗಡ ಪಡೆದವನು ಮೊಬೈಲಿನಲ್ಲಿ ಕಲಬುರಗಿಯ ಧಾರಣೆ ನೋಡಿಕೊಂಡರೂ, ಚೀಲ ಇಳಿಸುವುದು ಅದೇ ಅಂಗಡಿಯ ಮುಂದೆ.