ಮೈ ಮೊದಲು, ಡಬ್ಬ ಆಮೇಲೆ

ಕಲ್ಕತ್ತಾದ ಮನೋಹರ್ ಆಯಿಚ್ ಅವರ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. 1952ರಲ್ಲಿ ಲಂಡನ್ನಿನಲ್ಲಿ ತಮ್ಮ ಎತ್ತರದ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. 2016ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗೆ ನೂರಾ ನಾಲ್ಕು ವರ್ಷ. ಏನು ತಿಂದು ಇಂಥ ಮೈ ಕಟ್ಟಿದಿರಿ ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದುದು ಪಾಂತಾ ಭಾತ್, ಅಂದರೆ ರಾತ್ರಿ ನೀರು ಹಾಕಿಟ್ಟ ತಂಗಳನ್ನ. ಜೊತೆಗೆ ಬೇಳೆ, ಮೀನು, ತರಕಾರಿ, ಹಾಲು. ಇವತ್ತು ಈ ಊರಿನ ಜಿಮ್ಮುಗಳ ಗೋಡೆಯ ಮೇಲೆ ಪ್ರೊಟೀನ್ ಪುಡಿಯ ಪೋಸ್ಟರುಗಳನ್ನು ನೋಡುವಾಗೆಲ್ಲ ನನಗೆ ಆ ತಂಗಳನ್ನ ನೆನಪಾಗುತ್ತದೆ. ಈ ಪುಡಿಗಳು ಇಲ್ಲಿನ ಜಿಮ್ಮುಗಳಿಗೆ ಬರುವ ಮೊದಲೇ ಕಲ್ಕತ್ತಾ ಜಗತ್ತಿಗೆ ಮೈ ತೋರಿಸಿ ಗೆದ್ದಿತ್ತು. ಅದನ್ನು ಇಲ್ಲಿನ ಹುಡುಗರಿಗೆ ಯಾರೂ ಹೇಳುತ್ತಿಲ್ಲ.

ಇಲ್ಲಿ ಗರಡಿಗಳು ತುಂಬಿಕೊಂಡದ್ದರ ಹಿಂದೆ ಒಂದು ಅವಮಾನ ಇದೆ. 1841ರಲ್ಲಿ ವಾರನ್ ಹೇಸ್ಟಿಂಗ್ಸ್ ಕುರಿತು ಬರೆಯುತ್ತ ಮೆಕಾಲೆ ಬಂಗಾಳಿಗಳ ಮೈಯನ್ನು ದುರ್ಬಲವೆಂದು ಹೀಯಾಳಿಸಿದ. ಆ ಮಾತು ಇಲ್ಲಿನ ಓದಿದ ಮನೆಗಳಲ್ಲಿ ಮುಳ್ಳಿನ ಹಾಗೆ ಉಳಿಯಿತು. ಉತ್ತರ ಕಲ್ಕತ್ತಾದಲ್ಲಿ ಅಂಬು ಗುಹಾ ಅವರ ಅಖಾಡಾ ಇತ್ತು. ಹುಡುಗನಾಗಿದ್ದಾಗ ವಿವೇಕಾನಂದರೂ ಅಲ್ಲಿ ಸಾಮು ಮಾಡಿದ್ದರು. ಅದೇ ಮನೆತನದ ಗೋಬರ್ ಗುಹಾ 1921ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಡ್ ಸ್ಯಾಂಟೆಲ್ ಎಂಬ ಕುಸ್ತಿಪಟುವನ್ನು ಕೆಡವಿ ಲೈಟ್ ಹೆವಿವೇಟ್ ವಿಶ್ವ ಪಟ್ಟ ಗೆದ್ದರು. 1902ರಲ್ಲಿ ಹುಟ್ಟಿದ ಅನುಶೀಲನ ಸಮಿತಿ ಹುಡುಗರಿಗೆ ಲಾಠಿ ಕಲಿಸುತ್ತ ಕ್ರಾಂತಿಯ ಪಾಠವನ್ನೂ ಹೇಳಿಕೊಟ್ಟಿತು. ಬೀರಾಷ್ಟಮಿ ಹಬ್ಬ ಮಾಡಿಸಿ ಯುವಕರ ಕೈಗೆ ಕತ್ತಿ, ಲಾಠಿ ಕೊಟ್ಟ ಸರಳಾದೇವಿ ಚೌಧುರಾಣಿ ಅದಕ್ಕೆ ಮೊದಲು ನಮ್ಮ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಕೆಲಸ ಮಾಡಿದ್ದವರು.

ಆ ಗರಡಿಗಳ ಊಟವೆಂದರೆ ನೆನೆಸಿದ ಕಡಲೆ ಮತ್ತು ಬೆಲ್ಲ. ದೊಡ್ಡ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ ಬೇಕಿತ್ತು, ಅದಕ್ಕೆ ಜಮೀನ್ದಾರರ ಆಸರೆಯೂ ಬೇಕಿತ್ತು. ಅದೇನೂ ಬಡವರ ಊಟವಲ್ಲ. ಆದರೆ ಅಲ್ಲಿದ್ದ ಒಂದೊಂದು ಪದಾರ್ಥವನ್ನೂ ತಿನ್ನುವವನು ಕಣ್ಣಾರೆ ನೋಡಬಹುದಿತ್ತು, ಮೂಸಬಹುದಿತ್ತು. ಕಲಬೆರಕೆ ಆಗಲೂ ಇತ್ತೆನ್ನಿ. 1894ರಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಈ ಊರಿನಲ್ಲೇ ಕೂತು ತುಪ್ಪ, ಸಾಸಿವೆ ಎಣ್ಣೆಗಳನ್ನು ಪರೀಕ್ಷಿಸಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಲ್ಲಿ ಆಹಾರ ಪರೀಕ್ಷೆಯ ಕೆಲಸಕ್ಕೆ ಬಂದ ನನ್ನಂಥವರಿಗೆ ಅವರೇ ಹಿರಿಯರು.

ಡಬ್ಬದ ವ್ಯಾಪಾರ ಶುರುವಾದದ್ದು ಯೂರೋಪಿನಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ 1889ರಲ್ಲಿ ಲಂಡನ್ನಿನ ರಂಗದ ಮೇಲೆ ಸ್ಯಾಮ್ಸನ್ ಎಂಬ ಜಟ್ಟಿಯನ್ನು ಸೋಲಿಸಿ ಮನೆಮಾತಾದ. ಹಾಲಿನ ಪ್ರೊಟೀನನ್ನು ಒಣಗಿಸಿ ಮಾಡಿದ ಪ್ಲಾಸ್ಮನ್ ಎಂಬ ಪುಡಿಯ ಕಂಪನಿ ಲಂಡನ್ನಿನಲ್ಲಿ ಅಂಗಡಿ ತೆರೆದದ್ದು ಅದಾದ ಸುಮಾರು ಹತ್ತು ವರ್ಷಕ್ಕೆ. ಸ್ಯಾಂಡೋ ಆ ಪುಡಿಯನ್ನು ಹೊಗಳಿದ, ಮಾರ್ಕ್ ಟ್ವೈನ್ ಅದರಲ್ಲಿ ದುಡ್ಡು ಹಾಕಿ ಅಮೆರಿಕದ ಶಾಖೆಯಲ್ಲಿ ಕಳೆದುಕೊಂಡ. ಈ ವರ್ಷಗಳ ಕ್ರಮವನ್ನು ಗಮನಿಸಿ. ಮೈ ಮೊದಲು ಬಂತು, ಪುಡಿ ಆಮೇಲೆ ಬಂದು ಆ ಮೈಯ ಪಕ್ಕದಲ್ಲಿ ನಿಂತಿತು. ನೋಡಿದವರು ಪುಡಿಯಿಂದ ಮೈ ಬಂತೆಂದು ತಿಳಿದರು. 1904–05ರಲ್ಲಿ ಸ್ಯಾಂಡೋ ಭಾರತದಲ್ಲಿ ತಿರುಗಾಡುತ್ತ ಕಲ್ಕತ್ತಾಕ್ಕೂ ಬಂದು ಪ್ರದರ್ಶನ ಕೊಟ್ಟ. ಮೈ ತೋರಿಸಿ ಪುಡಿ ಮಾರುವ ಜಾಹೀರಾತಿನ ಉಪಾಯ ಇಂದಿಗೂ ಒಂದಿಷ್ಟೂ ಬದಲಾಗಿಲ್ಲ.

ಕಲ್ಕತ್ತಾ ಹಿಡಿದ ದಾರಿ ಬೇರೆ. ಬಿಷ್ಣು ಚರಣ್ ಘೋಷ್, ಪರಮಹಂಸ ಯೋಗಾನಂದರ ತಮ್ಮ, 1923ರಲ್ಲಿ ಇಲ್ಲಿ ವ್ಯಾಯಾಮ ಕಾಲೇಜು ಶುರುಮಾಡಿ ಯೋಗಾಸನವನ್ನೂ ಬಾರ್‌ಬೆಲ್ಲನ್ನೂ ಒಂದೇ ಸೂರಿನಡಿ ಕಲಿಸಿದರು. ಸ್ನಾಯುಗಳ ಹಿಡಿತದ ಬಗ್ಗೆ ಅವರ ಪುಸ್ತಕ ಬಂದದ್ದು 1930ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ 'ಮಸಲ್ ಕಲ್ಟ್' ತಂದರು. ‘ಶಾಂತಲಾ’, ‘ರೂಪದರ್ಶಿ’ ಬರೆದ ಅದೇ ಅಯ್ಯರ್. ಇಬ್ಬರೂ ವಿದ್ಯೆ ಮಾರಿದರು. ಅಯ್ಯರ್ ಅಂಚೆಯಲ್ಲೂ ಪಾಠ ಕಳಿಸುತ್ತಿದ್ದರು. ಲಕೋಟೆಯಲ್ಲಿ ಇರುತ್ತಿದ್ದುದು ದಂಡ, ಬಸ್ಕಿ, ಡಂಬೆಲ್ಲಿನ ಕ್ರಮ.

ಘೋಷರ ಶಿಷ್ಯ ಮನೋತೋಷ್ ರಾಯ್ 1951ರಲ್ಲಿ ಲಂಡನ್ನಿನ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ತಮ್ಮ ವಿಭಾಗ ಗೆದ್ದರು. ಆಯಿಚ್ ಅವರ ದಾರಿ ಇನ್ನೂ ಕಠಿಣ. ಬ್ರಿಟಿಷ್ ವಾಯುಪಡೆಯಲ್ಲಿದ್ದಾಗ ಭಾರತೀಯರನ್ನು ಹಳಿದ ಅಧಿಕಾರಿಯ ಕೆನ್ನೆಗೆ ಬಾರಿಸಿ ಜೈಲು ಸೇರಿದರು, ಜೈಲಿನಲ್ಲೇ ದಿನವಿಡೀ ಸಾಮು ಮಾಡಿದರು. ಬಿಡುಗಡೆಯಾದ ಮೇಲೆ ಹೊಟ್ಟೆಪಾಡಿಗೆ ಸಿಯಾಲ್ದಾ ಸ್ಟೇಷನ್ನಿನ ಬಳಿ ಎಳನೀರು ಮಾರಿದರು. 1951ರಲ್ಲಿ ಎರಡನೆಯ ಸ್ಥಾನ ಬಂದಾಗ ವಾಪಸು ಬರದೆ ಬ್ರಿಟಿಷ್ ರೈಲ್ವೆಯಲ್ಲಿ ಕೆಲಸ ಹಿಡಿದು, ಮರುವರ್ಷ ಗೆದ್ದೇ ಬಂದರು. ಸರಿಯಾಗಿ ಅದೇ ವರ್ಷಗಳಲ್ಲಿ ಅಮೆರಿಕದ ಬಾಬ್ ಹಾಫ್‌ಮನ್ ಸೋಯಾ ಹಿಟ್ಟಿಗೆ ಚಾಕೊಲೇಟ್ ಬೆರೆಸಿ ಹೈ-ಪ್ರೋಟೀನ್ ಎಂದು ತನ್ನ ಪತ್ರಿಕೆಯ ಮೂಲಕ ಮಾರತೊಡಗಿದ್ದ. ಬಂಗಾಳದ ಇಬ್ಬರೂ ಗೆಲ್ಲುವ ಹೊತ್ತಿಗೆ ಅಮೆರಿಕದ ಈ ಧಂದೆ ಇನ್ನೂ ಕಣ್ಣು ಬಿಡುತ್ತಿತ್ತು.

ನಾನು ನಿವೃತ್ತಳಾದ ಮೇಲೂ ಲೇಕ್ ಮಾರ್ಕೆಟ್ ಹತ್ತಿರವೇ ಇದ್ದೇನೆ. ಕೆಳಗಿನ ಮನೆಯ ಹುಡುಗ ಹೋದ ವರ್ಷ ಒಂದು ದೊಡ್ಡ ಡಬ್ಬ ತಂದು ನನ್ನ ಮೇಜಿನ ಮೇಲಿಟ್ಟ. “ಮಾಶಿಮಾ, ಒಂದು ಅಳತೆಗೆ 24 ಗ್ರಾಂ ಪ್ರೊಟೀನ್, ಲ್ಯಾಬ್‌ನಲ್ಲಿ ಟೆಸ್ಟ್ ಆಗಿದೆ ಅಂತ ಬರೆದಿದೆ, ನೋಡಿ” ಅಂದ. ಯಾವ ಟೆಸ್ಟ್ ಎಂದು ನಾನು ಅವನಿಗೆ ವಿವರಿಸಿದೆ.

1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಕಂಡುಹಿಡಿದ ಪರೀಕ್ಷೆ ಅದು. ಉದ್ದ ಕತ್ತಿನ ಫ್ಲಾಸ್ಕಿನಲ್ಲಿ ಪುಡಿಯನ್ನು ಗಂಧಕಾಮ್ಲದೊಂದಿಗೆ ಕುದಿಸಬೇಕು. ಮೊದಲು ಕಪ್ಪಗೆ ನೊರೆಯೇಳುತ್ತದೆ, ಗಂಟೆಗಟ್ಟಲೆ ಕುದ್ದ ಮೇಲೆ ತಿಳಿಯಾಗುತ್ತದೆ. ಆಮೇಲೆ ಅಮೋನಿಯಾವನ್ನು ಬಟ್ಟಿ ಇಳಿಸಿ ಅಳೆದು, ಸಾರಜನಕ ಎಷ್ಟಿದೆಯೆಂದು ಲೆಕ್ಕ ಹಾಕಿ 6.25ರಿಂದ ಗುಣಿಸುತ್ತೇವೆ. ಬಂದ ಉತ್ತರವನ್ನು ಪ್ರೊಟೀನ್ ಎನ್ನುತ್ತೇವೆ. ಆದರೆ ಫ್ಲಾಸ್ಕಿಗೆ ತಿಳಿಯುವುದು ಸಾರಜನಕ ಮಾತ್ರ. ಅದು ಎಲ್ಲಿಂದ ಬಂತೆಂದು ಅದಕ್ಕೆ ಗೊತ್ತಾಗದು. ಗ್ಲೈಸೀನ್ ಎಂಬ ಅಗ್ಗದ ಅಮೈನೋ ಆಮ್ಲ ಒಂದು ಗ್ರಾಂ ಬೆರೆಸಿದರೆ ಸುಮಾರು 1.17 ಗ್ರಾಂ ಪ್ರೊಟೀನ್ ಎಂದು ತೋರುತ್ತದೆ. ಕ್ರಿಯಾಟಿನ್ ಬೆರೆಸಿದರೆ ಒಂದು ಗ್ರಾಂ ಎರಡು ಗ್ರಾಮಾಗಿ ಕಾಣುತ್ತದೆ. 2008ರಲ್ಲಿ ಚೀನಾದ ಹಾಲಿನ ಪುಡಿಗೆ ಸಾರಜನಕ ತುಂಬಿದ ಮೆಲಮಿನ್ ಎಂಬ ರಾಸಾಯನಿಕ ಸೇರಿಸಿ ಶಿಶುಗಳ ಪ್ರಾಣ ತೆಗೆದವರು ಬಳಸಿಕೊಂಡದ್ದೂ ಇದೇ ಕಿಂಡಿಯನ್ನು.

ಇದು ನನ್ನೊಬ್ಬಳ ಅನುಮಾನವಲ್ಲ. 2024ರಲ್ಲಿ ಕೇರಳದ ವೈದ್ಯ ಸಿರಿಯಾಕ್ ಅಬ್ಬಿ ಫಿಲಿಪ್ಸ್ ಮತ್ತವರ ತಂಡ ಭಾರತದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿತು. ನೂರಕ್ಕೆ ಸುಮಾರು 70ರಲ್ಲಿ ಚೀಟಿ ಹೇಳಿದ ಪ್ರೊಟೀನ್ ಲೆಕ್ಕ ತಪ್ಪಾಗಿತ್ತು, ನೂರಕ್ಕೆ ಸುಮಾರು 14ರಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಸಿಕ್ಕಿತು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ತನ್ನ ಆಹಾರ ಮಾರ್ಗಸೂಚಿಯಲ್ಲಿ ಇಂಥ ಪುಡಿಗಳು ಬೇಡವೆಂದು ಹೇಳಿತು.

ವೇ ಪ್ರೊಟೀನ್, ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೊಟೀನ್, ವಿಷ ಎಂದು ನಾನು ಹೇಳುವುದಿಲ್ಲ. ನಿಜವಾದದ್ದಾದರೆ ಅದು ಒಳ್ಳೆಯ ಪ್ರೊಟೀನೇ. ಆದರೆ ಈ ಊರಿನ ಮಿಠಾಯಿ ಅಂಗಡಿಗಳು ದಿನಾ ಬೆಳಗ್ಗೆ ಸಂದೇಶ ಎಂಬ ಸಿಹಿತಿಂಡಿಗಾಗಿ ಹಾಲು ಒಡೆದು ಛಾನಾ ಮಾಡುತ್ತವೆ. ಹಾಲನ್ನು ಚೆನ್ನಾಗಿ ಕಾಯಿಸಿ ಹುಳಿ ಹಿಂಡುವುದರಿಂದ ವೇ ಪ್ರೊಟೀನಿನ ಬಹುಪಾಲು ಛಾನಾದಲ್ಲೇ ಉಳಿಯುತ್ತದೆ. ನೂರು ಗ್ರಾಂ ಛಾನಾದಲ್ಲಿ 16ರಿಂದ 18 ಗ್ರಾಂ ಪ್ರೊಟೀನ್ ಇದೆ, ಕಣ್ಣೆದುರೇ ತೂಗಿ ಕೊಡುತ್ತಾರೆ.

ಅರವತ್ತು ಕಿಲೋ ತೂಕದ ಹುಡುಗನಿಗೆ ದಿನಕ್ಕೆ ಬೇಕಾದದ್ದು ಸುಮಾರು 50 ಗ್ರಾಂ ಪ್ರೊಟೀನ್. ಭಾರ ಎತ್ತುವವನಾದರೂ 96 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭವಿಲ್ಲ. ಅನ್ನ, ಬೇಳೆ, ಮೊಟ್ಟೆ, ಮೀನು, ಹಾಲು, ಕಡಲೆಗಳಲ್ಲಿ ಅಷ್ಟೂ ಸಿಗುತ್ತದೆ. ನಿಮ್ಮ ಮಗನೂ ಡಬ್ಬ ಬೇಕೆಂದು ಹಟ ಹಿಡಿದರೆ ಬೈಯಬೇಡಿ. ಬರೀ ಸಾರಜನಕದ ಲೆಕ್ಕವಲ್ಲ, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಅಳೆದ ವರದಿ, ಆ ಡಬ್ಬದ ಬ್ಯಾಚ್ ನಂಬರಿನದ್ದೇ, ತೋರಿಸಿ ಎಂದು ಅಂಗಡಿಯವನನ್ನು ಕೇಳಲು ಅವನನ್ನೇ ಕಳಿಸಿ. ವರದಿ ಸಿಗದಿದ್ದರೆ ದುಡ್ಡು ಕೊಡಬೇಡಿ.