ವಿಲಿಯಂ ಜಾಕ್ಸನ್ ಪಾಲ್ಮರ್

ವಿಲಿಯಂ ಜಾಕ್ಸನ್ ಪಾಲ್ಮರ್ (1836–1909) ಅಮೆರಿಕದ ರೈಲ್ವೆ ಆಡಳಿತಗಾರರು, ಅಂತರ್ಯುದ್ಧದ ಸೇನಾಧಿಕಾರಿ ಹಾಗೂ ಕೊಲರಾಡೊ ಸ್ಪ್ರಿಂಗ್ಸ್ ನಗರದ ಸ್ಥಾಪಕರು. ಡೆನ್ವರ್ ಮತ್ತು ರಿಯೋ ಗ್ರಾಂಡ್ ರೈಲ್ವೆ ಕಂಪನಿಯನ್ನು ಸ್ಥಾಪಿಸಿದವರೂ ಇವರೇ.

ಆರಂಭಿಕ ಜೀವನ

ಪಾಲ್ಮರ್ ಅವರು ಡೆಲಾವೇರ್ ಸಂಸ್ಥಾನದ ಕೆಂಟ್ ಕೌಂಟಿಯಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದರು. ಬಾಲ್ಯ ಕಳೆದದ್ದು ಫಿಲಡೆಲ್ಫಿಯಾದ ಸಮೀಪದಲ್ಲಿ. 1855ರಲ್ಲಿ ಇಂಗ್ಲೆಂಡಿಗೆ ತೆರಳಿ ಅಲ್ಲಿಯ ರೈಲುಮಾರ್ಗಗಳನ್ನೂ ಕಲ್ಲಿದ್ದಲು ಗಣಿಗಳನ್ನೂ ಅಭ್ಯಸಿಸಿದರು. ಹಿಂದಿರುಗಿದ ಮೇಲೆ ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷ ಜೆ. ಎಡ್ಗರ್ ಥಾಮ್ಸನ್ ಅವರ ಆಪ್ತ ಕಾರ್ಯದರ್ಶಿಯಾದರು. ಆ ಕಾಲದಲ್ಲಿ ಉಗಿಯಂತ್ರಗಳು ಸೌದೆಯಿಂದ ಓಡುತ್ತಿದ್ದವು; ಅದರ ಬದಲು ಕಲ್ಲಿದ್ದಲನ್ನು ಬಳಸುವ ಪ್ರಯೋಗಗಳಲ್ಲಿ ಇವರು ತೊಡಗಿದ್ದರು.

ಅಂತರ್ಯುದ್ಧ

ಕ್ವೇಕರರು ಆಯುಧ ಹಿಡಿಯುವುದನ್ನು ಪಾಪವೆಂದು ಭಾವಿಸುವವರು. ಪಾಲ್ಮರ್ ಅವರಿಗೂ ಯುದ್ಧ ಅಧರ್ಮವೇ. ಆದರೆ ಗುಲಾಮಗಿರಿ ಅದಕ್ಕಿಂತ ದೊಡ್ಡ ಅಧರ್ಮವೆಂದು ಬಗೆದು 1861ರಲ್ಲಿ ಉತ್ತರದ ಸೇನೆಯನ್ನು ಸೇರಿದರು. ಮುಂದೆ 15ನೆಯ ಪೆನ್ಸಿಲ್ವೇನಿಯಾ ಅಶ್ವದಳವನ್ನು ಕಟ್ಟಿದರು. 1862ರಲ್ಲಿ ಆಂಟಿಟಮ್ ಕದನದ ನಂತರ ಮಾರುವೇಷದಲ್ಲಿ ಶತ್ರುಗಳ ಚಲನವಲನ ಅರಿಯಲು ಹೋದಾಗ ಸೆರೆಸಿಕ್ಕರು. ನಿಜನಾಮವನ್ನು ಮರೆಮಾಚಿದ್ದರಿಂದ ಗೂಢಚಾರರಿಗೆ ವಿಧಿಸುವ ಮರಣದಂಡನೆಯಿಂದ ಪಾರಾದರು. ರಿಚ್ಮಂಡ್‌ನ ಸೆರೆಮನೆಯಲ್ಲಿ ಕೆಲವು ತಿಂಗಳು ಕಳೆದು, ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ದಳಕ್ಕೆ ಮರಳಿದರು.

1865ರ ಜನವರಿ 14ರಂದು ಅಲಬಾಮಾದ ರೆಡ್ ಹಿಲ್ ಎಂಬಲ್ಲಿ, 200ಕ್ಕಿಂತ ಕಡಿಮೆ ಸೈನಿಕರೊಡನೆ ತಮಗಿಂತ ದೊಡ್ಡ ಪಡೆಯನ್ನು ಸೋಲಿಸಿ, ಸುಮಾರು 100 ಮಂದಿಯನ್ನು ಸೆರೆಹಿಡಿದರು. ತಮ್ಮ ಕಡೆಯ ಒಬ್ಬನೂ ಸಾಯಲಿಲ್ಲ. ಈ ಸಾಹಸಕ್ಕಾಗಿ 1894ರಲ್ಲಿ ದೇಶದ ಅತ್ಯುನ್ನತ ಸೇನಾ ಪುರಸ್ಕಾರವಾದ ಮೆಡಲ್ ಆಫ್ ಆನರ್ ದೊರೆಯಿತು.

ರೈಲ್ವೆ ಸೇವೆ

ಯುದ್ಧಾನಂತರ ಕಾನ್ಸಾಸ್ ಪೆಸಿಫಿಕ್ ರೈಲ್ವೆಯನ್ನು ಸೇರಿದರು. 1867ರಲ್ಲಿ ಪಶ್ಚಿಮ ಕರಾವಳಿಯವರೆಗೆ ಮಾರ್ಗದ ಸಮೀಕ್ಷೆ ನಡೆಸಿದರು. 1870ರಲ್ಲಿ ಆ ರೈಲುಮಾರ್ಗ ಡೆನ್ವರ್ ತಲುಪಿತು. ಅದೇ ವರ್ಷ ಡೆನ್ವರ್ ಮತ್ತು ರಿಯೋ ಗ್ರಾಂಡ್ ಕಂಪನಿಯನ್ನು ಆರಂಭಿಸಿದರು. ಹಳಿಗಳ ನಡುವೆ 3 ಅಡಿ ಮಾತ್ರ ಅಂತರವಿರುವ ನ್ಯಾರೋಗೇಜ್ ಮಾರ್ಗವನ್ನು ಇದಕ್ಕಾಗಿ ಆರಿಸಿಕೊಂಡರು. ಇದರ ವೆಚ್ಚ ಕಡಿಮೆ. ಬೆಟ್ಟಗಳ ಕಡಿದಾದ ತಿರುವುಗಳಿಗೂ ಹೊಂದಿಕೊಳ್ಳುತ್ತಿತ್ತು.

ಲೆಡ್ವಿಲ್‌ನ ಬೆಳ್ಳಿ ಗಣಿಗಳಿಗೆ ಹೋಗುವ ದಾರಿ ರಾಯಲ್ ಗಾರ್ಜ್ ಎಂಬ ಇಕ್ಕಟ್ಟಾದ ಕಮರಿಯ ಮೂಲಕ ಸಾಗಬೇಕಿತ್ತು. ಅಲ್ಲಿ ಒಂದೇ ಮಾರ್ಗಕ್ಕೆ ಎಡೆಯಿದ್ದುದರಿಂದ ಸಾಂಟಾ ಫೆ ರೈಲ್ವೆಯೊಡನೆ ವಿವಾದ ಹುಟ್ಟಿತು. ಎರಡೂ ಪಕ್ಷಗಳು ಶಸ್ತ್ರಧಾರಿಗಳನ್ನು ನಿಲ್ಲಿಸಿದವು. ನ್ಯಾಯಾಲಯದ ಕಲಾಪಗಳ ನಂತರ 1880ರಲ್ಲಿ ಒಪ್ಪಂದವಾಗಿ, ಕಮರಿಯ ಮಾರ್ಗ ಪಾಲ್ಮರ್ ಅವರ ಕಂಪನಿಗೆ ಉಳಿಯಿತು. 1883ರಲ್ಲಿ ಅವರು ಅದರ ಅಧ್ಯಕ್ಷ ಪದವಿಯನ್ನು ತೊರೆದರು.

ಕೊನೆಯ ದಿನಗಳು

1871ರಲ್ಲಿ ತಾವು ಸ್ಥಾಪಿಸಿದ ಕೊಲರಾಡೊ ಸ್ಪ್ರಿಂಗ್ಸ್ ನಗರದ ಉದ್ಯಾನಗಳಿಗೂ ಕೊಲರಾಡೊ ಕಾಲೇಜಿಗೂ ಧಾರಾಳವಾಗಿ ಭೂಮಿ ನೀಡಿದರು. 1901ರಲ್ಲಿ ರಿಯೋ ಗ್ರಾಂಡ್ ವೆಸ್ಟರ್ನ್ ರೈಲ್ವೆಯನ್ನು ಮಾರಿದಾಗ ಬಂದ ಹಣದಲ್ಲಿ ಒಂದು ಪಾಲನ್ನು ನೌಕರರಿಗೆ ಹಂಚಿದರು.

1906ರಲ್ಲಿ ಕುದುರೆಯಿಂದ ಬಿದ್ದು ದೇಹ ನಿಶ್ಚೇಷ್ಟಿತವಾಯಿತು. ಮರುವರ್ಷ ಹಳೆಯ ಅಶ್ವದಳದ ಸಮ್ಮಿಲನಕ್ಕೆ ಪ್ರಯಾಣ ಮಾಡಲು ಶಕ್ತಿಯಿಲ್ಲದ ಕಾರಣ, ಒಡನಾಡಿ ಸೈನಿಕರನ್ನೇ ತಮ್ಮ ಖರ್ಚಿನಲ್ಲಿ ಗ್ಲೆನ್ ಐರಿಯ ತಮ್ಮ ಮನೆಗೆ ಕರೆಸಿಕೊಂಡರು. 1909ರ ಮಾರ್ಚ್ 13ರಂದು ನಿಧನರಾದರು.